ಹೊಸ್ತಿಲಲ್ಲಿ ನಿಧಾನವಾದ ಮಟ್ಟು

ಹೋದ ತಿಂಗಳು ನಮ್ಮ ಶಾಲೆಯ ಟೀಚರೊಬ್ಬರ ಮಗಳ ಮದುವೆಗೆಂದು ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿದ್ದೆ. ಕಾರ್ಡಿನಲ್ಲಿದ್ದ ಕಲ್ಯಾಣ ಮಂಟಪದ ಹೆಸರು ಮೊದಲು ಕೇಳಿದ್ದಲ್ಲ. ಆಟೋ ಇಳಿದು ತಲೆ ಎತ್ತಿ ನೋಡಿದೆ. ಅದೇ ಬಿಳಿ ಕಂಬಗಳು, ಅದೇ ಅಗಲವಾದ ಮೆಟ್ಟಿಲು. ಮನೆಯೊಡೆಯನ ಹೆಸರಿದ್ದ ಜಾಗದಲ್ಲಿ ಈಗ ಮಂಟಪದ ಬೋರ್ಡು. ಕಂಬಗಳ ಬಣ್ಣ ಉದುರಿ ಒಳಗಿನ ಸಿಮೆಂಟು ಕಾಣುತ್ತಿತ್ತು. ಒಂದು ಕಾಲಕ್ಕೆ ಇಲ್ಲಿಯ ಗೇಟಿನ ಮುಂದೆ ನಿಂತರೆ ಹೆಸರೇನು, ಯಾವೂರು, ಯಾರ ಕಡೆಯವರು ಎಂದು ಮೂರು ಸಲ ಕೇಳಿ ಒಳಗೆ ಬಿಡುತ್ತಿದ್ದರು. ಈಗ ಗೇಟೇ ಇರಲಿಲ್ಲ. ತೇಗದ ಹೊಸ್ತಿಲು ಮಾತ್ರ ಹಾಗೇ ಇತ್ತು, ಅದನ್ನು ದಾಟುವಾಗ ನನಗೆ ನಗು ತಡೆಯಲಾಗಲಿಲ್ಲ. ಒಬ್ಬಳೇ ನಗುತ್ತಿರುವ ಹೆಂಗಸನ್ನು ನೋಡಿ ಪನ್ನೀರು ಚಿಮುಕಿಸುವ ಹುಡುಗಿಯರು ಮುಖ ಮುಖ ನೋಡಿಕೊಂಡರು.

ಅದು ಒಳ್ಳೆಯ ನಗುವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸೇಡು ತೀರಿಸಿಕೊಂಡವಳ ನಗು. ವಯಸ್ಸಾದಂತೆ ಮನಸ್ಸು ಮಾಗುತ್ತದೆ, ಎಲ್ಲರನ್ನೂ ಕ್ಷಮಿಸುತ್ತದೆ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಒಂದು ವರ್ಷದ ಮಟ್ಟಿಗೆ ನನ್ನ ಮನಸ್ಸು ಇನ್ನೂ ಕಾಯಿಯಾಗಿಯೇ ಇದೆ.

ಗಣಿಯ ಭರಾಟೆಯ ಕೊನೆಯ ವರ್ಷ ಅದು. ಕೊನೆಯದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬಳ್ಳಾರಿಯ ಮೇಲೆ ಹೆಲಿಕಾಪ್ಟರ್ ಹಾರಿದರೆ ಮಕ್ಕಳು ಕೂಡ ತಲೆ ಎತ್ತಿ ನೋಡುವುದನ್ನು ಬಿಟ್ಟಿದ್ದರು. ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ನಿಂತಿರುತ್ತಿದ್ದವು. ಬಸ್ಸಿನವರು ಇಳಿದು ಚಹಾ ಕುಡಿದು ಬಂದರೂ ಬಸ್ಸು ನಿಂತಲ್ಲೇ. ಬೇವಿನ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಊಟದ ತಟ್ಟೆಯ ಅಂಚಿನಲ್ಲೂ ಕೆಂಪು ಧೂಳು. ನೆಲ ಅಗೆದವರೆಲ್ಲ ಧಣಿಗಳಾಗಿದ್ದರು. ಅಂಥವರಲ್ಲಿ ಕೊಳಗಲ್ಲಿನ ಕಡೆಯಿಂದ ಬಂದು ಬಳ್ಳಾರಿಯಲ್ಲಿ ಅರಮನೆಯಂಥ ಮನೆ ಕಟ್ಟಿಸುತ್ತಿದ್ದ ಒಬ್ಬನಿದ್ದ. ಅವನ ಹೆಸರು ಇಲ್ಲಿ ಬೇಡ. ಎಲ್ಲರೂ ಧಣಿ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಲಾರಿ, ಕ್ರಷರು, ಕಾರುಗಳೆಲ್ಲ ಆದಮೇಲೆ ಅವನಿಗೆ ಕಲೆಯ ಮೇಲೆ ಪ್ರೀತಿ ಉಕ್ಕಿತು. ತನ್ನ ನೆಲದ ಹಾಡುಗಳನ್ನೆಲ್ಲ ಒಂದು ಪುಸ್ತಕ ಮಾಡಿಸಿ, ಹೊಸ ಮನೆಯ ಗೃಹಪ್ರವೇಶದ ದಿನ ದೊಡ್ಡ ದೊಡ್ಡವರ ಕೈಯಿಂದ ಬಿಡುಗಡೆ ಮಾಡಿಸಬೇಕೆಂದು ಹೊರಟ.

ನೆಲದ ಹಾಡು ಬೇಕೆಂದರೆ ನಮ್ಮ ಮನೆಗೆ ಬರಲೇಬೇಕು. ನನ್ನ ಅಪ್ಪ ಕುರುಗೋಡಿನ ಮೌಲಪ್ಪ ಮಾಸ್ತರ. ದೊಡ್ಡಾಟ ಕಲಿಸುವ ಹಾರ್ಮೋನಿಯಂ ಮಾಸ್ತರ. ನಾವು ಪಿಂಜಾರರು. ಹತ್ತಿ ಬಡಿದು ಗಾದಿ ಹೊಲಿಯುವ ಕಸುಬು ಅಜ್ಜನ ಕಾಲಕ್ಕೇ ಮುಗಿದು, ಅಪ್ಪನ ಕೈಗೆ ಹಾರ್ಮೋನಿಯಂ ಬಂದಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಆಟ ಆಡಬೇಕೆಂದರೆ ಎರಡು ತಿಂಗಳು ಮೊದಲೇ ಅಪ್ಪನನ್ನು ಕರೆದೊಯ್ಯುತ್ತಿದ್ದರು. ಪದ್ಯಗಳು ಹಳೆಯವಿರಬಹುದು, ಅವನ್ನು ಹಾಡುವ ಧಾಟಿ, ಅಂದರೆ ಮಟ್ಟು, ಎಷ್ಟೋ ಕಡೆ ಅಪ್ಪ ಕಟ್ಟಿದ್ದು. ಆ ಮಟ್ಟುಗಳನ್ನು ಕೇಳಿ ಜನ ಕಣ್ಣೀರು ಹಾಕುತ್ತಿದ್ದರು, ಶಿಳ್ಳೆ ಹೊಡೆಯುತ್ತಿದ್ದರು. ಕರಪತ್ರದಲ್ಲಿ ಮಾತ್ರ ವರ್ಷವೂ ಒಂದೇ ಸಾಲು: ಸಂಗೀತ, ಸ್ಥಳೀಯ ಕಲಾವಿದರಿಂದ. ಅಪ್ಪ ಅದನ್ನು ಓದಿ ಮಡಚಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಏನೂ ಅನ್ನದವರಿಗೆ ಏನೂ ಅನ್ನಿಸುವುದಿಲ್ಲ ಎಂದು ಜನ ತಿಳಿಯುತ್ತಾರೆ.

ಧಣಿ ಪುಸ್ತಕದ ಕೆಲಸಕ್ಕೆ ಬೆಂಗಳೂರಿನಿಂದ ಕರೆಸಿದವನು ಕಿರಣ್. ಕೀಬೋರ್ಡು ನುಡಿಸುತ್ತಿದ್ದ, ಟಿವಿ ಕಾರ್ಯಕ್ರಮಗಳಿಗೆ ಸಂಗೀತ ಕೂಡಿಸುತ್ತಿದ್ದ. ಮೂವತ್ತೈದರ ಆಸುಪಾಸು, ಮಾತು ಮೆದು, ಕಂಡಕಂಡವರಿಗೆಲ್ಲ ಕೈ ಮುಗಿಯುವ ಚಾಳಿ. ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಮನೆಯ ಚಾಪೆಯ ಮೇಲೆ ಕುಳಿತು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಚೀಲದಿಂದ ತೆಳ್ಳನೆಯ, ಕಪ್ಪು ಹಲಗೆಯಂಥ ವಸ್ತು ತೆಗೆದ. ಟ್ಯಾಬ್ಲೆಟ್ಟು ಎಂಬುದನ್ನು ನಾವು ನೋಡಿದ್ದು ಅದೇ ಮೊದಲು, ಕುರುಗೋಡಿನಲ್ಲೇ ಅದೇ ಮೊದಲಿನದೋ ಏನೋ. ಅದರಲ್ಲಿ ಹಾಡು ಬರೆಯುವ ಸಾಫ್ಟ್‌ವೇರ್ ಇತ್ತು. ಅಪ್ಪ ನುಡಿಸಿದ್ದನ್ನೆಲ್ಲ ಇದರಲ್ಲಿ ಬರೆದಿಡುತ್ತೇವೆ, ಪ್ರತಿ ಮಟ್ಟಿನ ಮೇಲೂ ಅವರ ಹೆಸರು ಇರುತ್ತದೆ, ನೂರು ವರ್ಷ ಆದಮೇಲೂ ಜಗತ್ತಿನ ಯಾವ ಮೂಲೆಯವನು ಬೇಕಾದರೂ ಇದನ್ನು ನೋಡಿ ನುಡಿಸಬಹುದು ಎಂದ. ಅಪ್ಪ ಹೆಸರಿನ ಮಾತು ಬಂದಾಗ ಮಾತ್ರ ತಲೆ ಎತ್ತಿ ಅವನ ಮುಖ ನೋಡಿದ.

ನಾನು ಆಗ ಬಿ.ಎ. ಮುಗಿಸಿ, ಡಿಟಿಪಿ ಕಲಿತು ಮನೆಯಲ್ಲಿದ್ದೆ. ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದ್ದೆ. ಅಪ್ಪ ನುಡಿಸುವುದು, ನಾನು ಸರಿಗಮದಲ್ಲಿ ಹೇಳುವುದು, ಕಿರಣ್ ಬರೆಯುವುದು ಎಂದು ಮೊದಲು ಮಾತಾಗಿತ್ತು. ಒಂದು ವಾರದಲ್ಲಿ ಕಿರಣನಿಗೆ ಬೇಸರ ಬಂತು, ನಾನೇ ಬರೆಯತೊಡಗಿದೆ. ದಿನಾ ಬೆಳಿಗ್ಗೆ ಧಣಿಯ ಕಾರು ಬಂದು ನಮ್ಮಿಬ್ಬರನ್ನು ಬಳ್ಳಾರಿಯ ಗೆಸ್ಟ್‌ಹೌಸಿಗೆ ಕರೆದೊಯ್ಯುತ್ತಿತ್ತು. ಹೊರಗೆ ಧೂಳು, ಒಳಗೆ ಎ.ಸಿ. ಮತ್ತು ಮಲ್ಲಿಗೆ ವಾಸನೆಯ ಸ್ಪ್ರೇ. ನಾನು ಸೋಫಾದ ಮೇಲೆ ಕಾಲು ಮಡಚಿ ಕುಳಿತು ಐದು ಗೆರೆಗಳ ಮೇಲೆ ಬೆರಳಿನಿಂದ ಸ್ವರ ಇಡುತ್ತಿದ್ದೆ. ತಂತಿಯ ಮೇಲೆ ಗುಬ್ಬಿ ಕೂರಿಸಿದ ಹಾಗೆ. ಒಂದು ತಾಳದ ಅಳತೆ ತುಂಬದಿದ್ದರೆ ಆ ಜಾಗ ಕೆಂಪಗಾಗುತ್ತಿತ್ತು. ತಪ್ಪಾದರೆ ಬಾಣದ ಗುರುತು ಒತ್ತಿದರೆ ಆಯಿತು, ತಪ್ಪು ಹೋಗಿಬಿಡುತ್ತಿತ್ತು. ಆ ಸುಖ ನನಗೆ ಬಹಳ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು. ಮನೆಗೆ ಬಂದು ರೊಟ್ಟಿ ಬಡಿಯುವಾಗಲೂ ಹಿಟ್ಟಿನ ಮೇಲೆ ಐದು ಗೆರೆ ಎಳೆಯುತ್ತಿದ್ದೆ.

ಮೊದಲ ಮಟ್ಟು ಬರೆದು ಮುಗಿಸಿದ ದಿನ ಅಪ್ಪನಿಗೆ ಕೇಳಿಸಿದೆ. ಟ್ಯಾಬ್ಲೆಟ್ಟು ಅದನ್ನು ಪಿಯಾನೋ ದನಿಯಲ್ಲಿ ಟಣಟಣ ನುಡಿಸಿತು. ಜಾರು ಇಲ್ಲ, ಎಳೆತ ಇಲ್ಲ. ಅಪ್ಪ ಕಿವಿ ಹತ್ತಿರ ತಂದು, ಉಸಿರು ಬಿಗಿಹಿಡಿದು ಕೇಳಿದ. "ಇದರಾಗ ಹಾಡಾವ ಉಸಿರು ಎಲ್ಲಿ ತಗೋತಾನ?" ಎಂದ. ಕಿರಣ್ ನಕ್ಕು, ಅದಕ್ಕೂ ಒಂದು ಗುರುತಿದೆ ಎಂದು ತೋರಿಸಿದ. ಆಮೇಲೆ ನಾನು ಬಲಗಡೆಯ ಮೇಲಿನ ಮೂಲೆ ತೋರಿಸಿದೆ. ಮಟ್ಟು ಕಟ್ಟಿದವರ ಹೆಸರು ಬರೆಯುವ ಜಾಗ ಅದು. ಆಗ ಅದರಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ, ಇಂಗ್ಲಿಷಿನಲ್ಲಿ ಮೌಲಪ್ಪ ಎಂದು ಹೊಡೆದಿದ್ದೆ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ಒಂದೊಂದೇ ಅಕ್ಷರ ಹೇಳಿಕೊಟ್ಟೆ. ಅಪ್ಪ ಹೆಸರಿನ ಮೇಲೆ ಬೆರಳಿಟ್ಟ, ಏನೋ ಒತ್ತಿ ಕೊನೆಯ ಅಕ್ಷರ ಅಳಿಸಿಹೋಯಿತು. ಬೆಂಕಿ ತಾಗಿದವನಂತೆ ಕೈ ಹಿಂದೆಗೆದುಕೊಂಡ. ನಾನು ಮತ್ತೆ ಹೊಡೆದುಕೊಟ್ಟೆ. ಅವತ್ತಿನಿಂದ ಟ್ಯಾಬ್ಲೆಟ್ಟು ನೋಡುವಾಗಲೆಲ್ಲ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಆದರೆ ಒಂದೊಂದು ಮಟ್ಟು ಮುಗಿದಾಗಲೂ, ಆ ಮೂಲೆ ಒಂದೀಟು ದೊಡ್ಡದು ಮಾಡಿ ತೋರಸು ಯವ್ವಾ ಎನ್ನುತ್ತಿದ್ದ.

ಕಿರಣನಿಗೆ ಒಂದು ಅಭ್ಯಾಸವಿತ್ತು. ನಾನು ಬರೆದದ್ದನ್ನೆಲ್ಲ ಅವನು ನಿಧಾನ ಮಾಡುತ್ತಿದ್ದ. ಪುಟದ ಮೇಲೆ ವೇಗದ ಅಂಕಿ ಇರುತ್ತಿತ್ತು, ಅದರ ಮೇಲೆ ಬೆರಳಿಟ್ಟು ಎಡಕ್ಕೆ ಎಳೆದರೆ ಹಾಡು ನಿಧಾನವಾಗುತ್ತದೆ. ಗಾಂಭೀರ್ಯ ಬರಬೇಕು ಎನ್ನುತ್ತಿದ್ದ. ವೀರರ ಮಟ್ಟು, ಜಗಳದ ಮಟ್ಟು, ನಗೆಯ ಮಟ್ಟು, ಎಲ್ಲದಕ್ಕೂ ಅವನು ಗಾಂಭೀರ್ಯ ತಂದ. ಅಪ್ಪ ಒಂದೆರಡು ಸಲ ಹೇಳಿನೋಡಿ ಸುಮ್ಮನಾದ.

ಸುಗ್ಗಿ ಮುಗಿಯುವ ಹೊತ್ತಿಗೆ ಕಿರಣ್ ನಿಜವಾದ ಆಟ ನೋಡಬೇಕೆಂದ. ಸಿರುಗುಪ್ಪದ ಹತ್ತಿರ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಆಟದ ತಾಲೀಮು ನಡೆದಿತ್ತು, ಅಲ್ಲಿಗೆ ಕರೆದೊಯ್ದೆವು. ಭತ್ತದ ಹೊಟ್ಟು ಗಾಳಿಗೆ ಹಾರುತ್ತಿತ್ತು, ಕಾಲುವೆಯ ನೀರಿನ ತಂಪು ಬರುತ್ತಿತ್ತು. ಅಪ್ಪನನ್ನು ಕಂಡು ಹಾಡುವವರೆಲ್ಲ ಎದ್ದು ನಿಂತರು. ಸಾರಥಿಯ ಪಾತ್ರ ಕುಣಿಯುತ್ತ ಬಂತು. ಆಟದ ಮೊದಲಿಗೆ ಬಂದು ಕಥೆ ನಡೆಸುವ, ಜನರನ್ನು ನಗಿಸುವ ಪಾತ್ರ ಅದು. ಅವನ ಮಟ್ಟು ಚುರುಕು, ಕೂತವರ ಕಾಲು ತಾನಾಗಿ ಕುಣಿಯಬೇಕು, ಅಂಥದ್ದು. ಕಿರಣ್ ಕುರ್ಚಿಯಿಂದ ಎದ್ದೇಬಿಟ್ಟ. ಇದೇ ಬೇಕು, ಇದನ್ನು ಯಾಕೆ ಇಷ್ಟು ದಿನ ಕೊಟ್ಟಿಲ್ಲ ಎಂದು ಅಪ್ಪನನ್ನು ಕೇಳಿದ.

ಅಪ್ಪನ ಮುಖ ಗಂಟಾಯಿತು. "ಅದು ನಂದಲ್ರಿ. ಅದು ಬ್ಯಾಡ. ಅದು ಮನಿಯೊಳಗ ನುಡಸಾದಲ್ಲ" ಎಂದಷ್ಟೇ ಹೇಳಿದ.

ಯಾಕೆ ಎಂದು ಕಿರಣ್ ಎರಡು ಸಲ ಕೇಳಿದ, ಅಪ್ಪ ಬಾಯಿ ಬಿಡಲಿಲ್ಲ. ನಮ್ಮ ಕಡೆಯ ಯಾರನ್ನು ಕೇಳಿದರೂ ಹಾಗೇ ಸುಮ್ಮನಾಗುತ್ತಿದ್ದರು. ಆ ಮಟ್ಟಿಗೆ ಎರಡು ನಡೆ. ಬೇಗ ನುಡಿಸಿದರೆ ಸಾರಥಿಯ ಕುಣಿತ. ನಿಧಾನ ನುಡಿಸಿದರೆ ಹೆಣದ ಮುಂದಿನ ಮಟ್ಟು. ತುಂಬು ಬಾಳು ಬಾಳಿದವರು ತೀರಿಕೊಂಡರೆ ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟಿ, ಭಜನೆಯವರು ಹಾರ್ಮೋನಿಯಂ ಕೊರಳಿಗೆ ಹಾಕಿಕೊಂಡು ಮುಂದೆ ಮುಂದೆ ಅದನ್ನು ನುಡಿಸುತ್ತ ಹೋಗುತ್ತಾರೆ. ಅಪ್ಪನೇ ಎಷ್ಟು ಜನರ ಮುಂದೆ ಹಾಗೆ ನಡೆದಿದ್ದಾನೋ ಲೆಕ್ಕವಿಲ್ಲ. ಅದಕ್ಕೇ ತಾಲೀಮಿನಲ್ಲಿ ಯಾರಾದರೂ ಕಲಿಯುವವರು ಆ ಮಟ್ಟನ್ನು ಚೂರು ಎಳೆದರೆ ಮಾಸ್ತರು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಮನೆಯಲ್ಲಿ ಅಪ್ಪನ ಕೈ ಅಪ್ಪಿತಪ್ಪಿ ನಿಧಾನವಾದರೆ ಅಮ್ಮ ಅಡುಗೆಮನೆಯಿಂದಲೇ ಬೈಯುತ್ತಿದ್ದಳು. ಕಾರಣವನ್ನು ಬಾಯಿಬಿಟ್ಟು ಹೇಳುವುದೂ ಅಪಶಕುನ, ಅದರಲ್ಲೂ ಗೃಹಪ್ರವೇಶದ ಮಾತು ನಡೆದಿರುವಾಗ. ಕಿರಣ್ ಮಾತ್ರ ಮುದುಕ ಒಳ್ಳೆಯದನ್ನು ಮುಚ್ಚಿಟ್ಟುಕೊಳ್ಳುತ್ತಿದ್ದಾನೆ ಎಂದು ತಿಳಿದ. ಕಾರಿನಲ್ಲಿ ವಾಪಸು ಬರುವಾಗ ನನ್ನನ್ನು ನೋಡಿ ಕಣ್ಣು ಮಿಟುಕಿಸಿದ.

ಯುಗಾದಿ ಕಳೆದು ಬಿಸಿಲು ಏರಿತು. ಬಳ್ಳಾರಿಯ ಬಿಸಿಲಿನ ಬಗ್ಗೆ ಬರೆಯುವುದೇನಿದೆ, ಮಧ್ಯಾಹ್ನ ನಾಯಿಗಳೂ ಲಾರಿಯ ಕೆಳಗೆ ನೆರಳು ಹುಡುಕುತ್ತಿದ್ದವು. ಒಂದು ಸಂಜೆ ಕಿರಣ್ ಅಪ್ಪನ ಕೈಗೆ ಒಂದು ದಪ್ಪ ಕವರು ಕೊಟ್ಟ. ಪುಸ್ತಕದ ಹಾಳೆಗಳು ಪ್ರಿಂಟಾಗಿ ಬಂದಿದ್ದವು. ಅಪ್ಪ ಅದನ್ನು ದಾರಿಯಲ್ಲಿ ಬಿಚ್ಚಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದು, ಚಾಪೆ ಹಾಸಿ, ಕನ್ನಡಕ ಒರೆಸಿಕೊಂಡು ಕುಳಿತ. ನಾನು ಒಳಗೆ ಒಲೆಯ ಮುಂದೆ ಇದ್ದೆ.

"ರಜಿಯಾ, ಬಾ ಇಲ್ಲಿ" ಎಂದ. ಹೋದೆ. ಹಾಳೆಯ ಬಲಮೂಲೆಯ ಹತ್ತಿರ ಬೆರಳು ಹಿಡಿದಿದ್ದ, ತಾಗಿಸಿರಲಿಲ್ಲ. "ಇದು ನನ್ನ ಹೆಸರಲ್ಲ. ನನ್ನ ಹೆಸರಿನಾಗ ಕಡೀಕ ಎರಡು ಒಂದಾ ತರದ ಅಕ್ಷರ ಜೋಡಿ ನಿಂತಿರ್ತಾವ. ಇದರಾಗ ಇಲ್ಲ."

ಒಂದೊಂದೇ ಹಾಳೆ ತಿರುವಿದೆ. ಎಲ್ಲದರ ಮೇಲೂ ಕಿರಣನ ಹೆಸರು. ಚಳಿಗಾಲದಿಂದ ನಾನು ಒಂದೊಂದಾಗಿ ಹೊಡೆದಿದ್ದ ಹೆಸರನ್ನು ಅವನು ಒಂದೊಂದಾಗಿ ಅಳಿಸಿದ್ದ. ಕೊನೆಯ ಪುಟದಲ್ಲಿ ಕೃತಜ್ಞತೆ ಎಂದು ಕನ್ನಡದಲ್ಲಿ ಒಂದು ಪಟ್ಟಿ. ಫೋಟೋ ತೆಗೆದವನು, ಅಡುಗೆಯವನು, ಕಾರಿನ ಡ್ರೈವರು, ಇವರೆಲ್ಲ ಆದಮೇಲೆ "ಮೌಲ, ಕುರುಗೋಡು" ಎಂದಿತ್ತು. ಅಪ್ಪ ಅದನ್ನು ತಾನೇ ಓದಿಕೊಂಡ. ಹಾಳೆಗಳನ್ನು ಜೋಡಿಸಿ ಕವರಿನೊಳಗೆ ಇಟ್ಟ. "ನಿನ್ನ ಕೈಲೇ ಬರಸ್ಯಾನ ನೋಡು" ಎಂದ, ಅಷ್ಟೇ. ಹಾರ್ಮೋನಿಯಂ ಮೇಲೆ ಹಳೆ ಲುಂಗಿ ಮುಚ್ಚಿದ್ದು ಆಮೇಲೆ ತಿಂಗಳುಗಟ್ಟಲೆ ತೆಗೆಯಲಿಲ್ಲ. ಸಾಯಂಕಾಲ ಆದರೆ ಊರ ಹೊರಗಿನ ಗುಡ್ಡದ ಕಡೆ ಒಬ್ಬನೇ ನಡೆದುಹೋಗುತ್ತಿದ್ದ. ನನ್ನ ಮೇಲೆ ಸಿಟ್ಟಾಗಿ ಎರಡು ಬೈದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

ಮರುದಿನ ಒಬ್ಬಳೇ ಹೋಗಿ ಕಿರಣನನ್ನು ಕೇಳಿದೆ. ಅವನಿಗೆ ನಾಚಿಕೆಯಾಗುತ್ತದೆ, ತಡವರಿಸುತ್ತಾನೆ ಎಂದುಕೊಂಡಿದ್ದೆ. ಅವನು ಜ್ಯೂಸು ಕುಡಿಯುತ್ತ, ಮಕ್ಕಳಿಗೆ ಪಾಠ ಹೇಳುವವನಂತೆ ಹೇಳಿದ: "ನೋಡಿ ರಜಿಯಾ, ನಿಮ್ಮ ತಂದೆ ನುಡಿಸಿದ್ದು ಗಾಳಿಯಲ್ಲಿ ಹೋಗಿಬಿಡತ್ತೆ. ಅದನ್ನ ಸಂಗೀತ ಮಾಡಿದ್ದು ನಾನು. ಜಾನಪದಕ್ಕೆಲ್ಲ ಯಾರಾದ್ರೂ ಹೆಸರು ಹಾಕ್ತಾರಾ?" ಧಣಿಗೆ ಫೋನು ಮಾಡಿದೆ. ಅವೆಲ್ಲ ನಮಗೆ ತಿಳಿಯಲ್ಲಮ್ಮ, ಕಿರಣ್ ಸಾರನ್ನೇ ಕೇಳು ಎಂದು ಇಟ್ಟುಬಿಟ್ಟ. ಅಪ್ಪ ಇನ್ನು ಆ ಕಡೆ ಕಾಲಿಡಬೇಡ ಎಂದ. ನಾನು ಹೋದೆ. ಪದ್ಯಗಳ ಕನ್ನಡ ಟೈಪಿಂಗು ಬಾಕಿ ಇದೆ, ಅದನ್ನು ಮುಗಿಸಿ ಬಿಡುತ್ತೇನೆ ಎಂದು ಅಪ್ಪನಿಗೆ ಹೇಳಿದ್ದು ನೆಪ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಆದರೆ ಸುಮ್ಮನೆ ಮನೆಯಲ್ಲಿ ಕೂತರೆ ಅವನು ಗೆದ್ದ ಹಾಗೆ ಎಂಬುದು ಗೊತ್ತಿತ್ತು.

ದಾರಿ ಹುಡುಕಿಕೊಂಡು ಹೋಗುವುದೇ ಬೇಕಾಗಲಿಲ್ಲ, ಅವನೇ ತಂದುಕೊಟ್ಟ. ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಕಿರಣ್ ನನ್ನ ಪಕ್ಕ ಬಂದು ಕುಳಿತು, ಸಿರುಗುಪ್ಪದ ಗಿರಣಿಯಲ್ಲಿ ಕೇಳಿದ ಆ ಮಟ್ಟು ನಿಮಗೆ ಬರುತ್ತದಲ್ಲ ಎಂದು ಕೇಳಿದ. ಧಣಿ ಹೊಸ್ತಿಲು ದಾಟುವಾಗ ನುಡಿಸಲು ಹೊಸದೊಂದು ಬೇಕಿತ್ತು. ಹೈದರಾಬಾದಿನಿಂದ ವಾದ್ಯದವರು ಬರುವವರಿದ್ದರು. ಅವರು ಹಾಳೆ ನೋಡಿ ನುಡಿಸುವವರು, ಮುಂದಿಟ್ಟಿದ್ದನ್ನು ಹಾಗೇ ನುಡಿಸುವವರು. ಬಳ್ಳಾರಿಯ ಬ್ಯಾಂಡಿನವರಿಗೆ ಹಾಳೆ ಓದಲು ಬರುವುದಿಲ್ಲ ಎಂದು ಕಿರಣ್ ಅವರನ್ನು ಮೊದಲೇ ಬೇಡವೆಂದಿದ್ದ. ಅವರಲ್ಲಿ ಒಬ್ಬನಿದ್ದರೂ ಈ ಕಥೆ ನಡೆಯುತ್ತಿರಲಿಲ್ಲ.

ನಾನು ಟ್ಯಾಬ್ಲೆಟ್ಟು ತೆಗೆದುಕೊಂಡು ಬರೆದೆ. ಒಂದು ಸ್ವರವನ್ನೂ ತಪ್ಪಾಗಿ ಬರೆಯಲಿಲ್ಲ, ಅಷ್ಟು ಚೊಕ್ಕವಾಗಿ ಹಿಂದೆ ಯಾವುದನ್ನೂ ಬರೆದಿರಲಿಲ್ಲ. ಸಾರಥಿ ಕುಣಿಯುವ ವೇಗವನ್ನೇ ಹಾಕಿದೆ. ಆಮೇಲೆ ಬಲಮೂಲೆಯಲ್ಲಿ ಕಿರಣನ ಹೆಸರನ್ನು ನಾನೇ ಹೊಡೆದೆ. ಅವನು ಅದನ್ನು ನೋಡಿ ಖುಷಿಯಾಗಿ, ಈಗ ನಿಮಗೆ ವ್ಯವಹಾರ ಅರ್ಥ ಆಯ್ತು ಎಂದ. ಒಮ್ಮೆ ನುಡಿಸಿ ಕೇಳಿದ. ಸಾಲದು ಎಂಬಂತೆ ತಲೆ ಅಲ್ಲಾಡಿಸಿದ. ಅವನ ಬೆರಳು ವೇಗದ ಅಂಕಿಯ ಮೇಲೆ ಹೋಯಿತು, ಎಡಕ್ಕೆ ಎಳೆಯಿತು. ಇನ್ನೂ ಎಡಕ್ಕೆ ಎಳೆಯಿತು. ಮತ್ತೆ ಒತ್ತಿದ.

ಆ ತಣ್ಣನೆಯ ಕೋಣೆಯಲ್ಲಿ, ಮಲ್ಲಿಗೆ ಸ್ಪ್ರೇಯ ವಾಸನೆಯಲ್ಲಿ, ಹೆಣದ ಮುಂದಿನ ಮಟ್ಟು ಕೇಳಿಬಂತು. ಅಜ್ಜಿಯನ್ನು ಒಯ್ದ ದಿನದಿಂದ ನಾನು ಅದನ್ನು ಕೇಳಿರಲಿಲ್ಲ. ಬೇಡ ಎನ್ನಲು ಬೇಕಾದಷ್ಟು ಸಮಯವಿತ್ತು, ಪೂರ್ತಿ ಮಟ್ಟು ನುಡಿದು ಮುಗಿಯುವವರೆಗೂ ಇತ್ತು.

"ಹೇಗಿದೆ?" ಎಂದು ಕೇಳಿದ.

"ಚೊಲೋ ಐತ್ರಿ ಸರ್. ಗಾಂಭೀರ್ಯ ಬಂತು" ಎಂದೆ.

ಆ ಹದಿನೈದು ದಿನ ನನಗೆ ಊಟ ಸೇರಲಿಲ್ಲ. ಹೆದರಿಕೆ ಸೇಡು ತಪ್ಪಿಹೋದೀತು ಎಂದು, ಪಾಪದ್ದಲ್ಲ. ತಾಲೀಮು ಗೆಸ್ಟ್‌ಹೌಸಿನ ಒಳಗೆ ಬಾಗಿಲು ಹಾಕಿಕೊಂಡು ನಡೆಯುತ್ತಿತ್ತು. ಒಂದು ದಿನ ತೋಟದ ಮಾಲಿ ಕಿಟಕಿಯ ಹೊರಗೆ ಪೈಪು ಹಿಡಿದು ಹಾಗೇ ನಿಂತುಬಿಟ್ಟಿದ್ದ. ಅವನು ಸಂಡೂರಿನ ಕಡೆಯವನು. ಕೇಳಿಸಿಕೊಂಡನೋ ಇಲ್ಲವೋ, ನನ್ನ ಮುಖ ನೋಡಿದ, ನಲ್ಲಿ ಬಂದ್ ಮಾಡಿ ಹೋದ. ಅವನು ಯಾರಿಗೂ ಹೇಳಲಿಲ್ಲ. ಅವನಿಗೂ ಧಣಿಯ ಮೇಲೆ ಏನಿತ್ತೋ ನಾನು ಕೇಳಲಿಲ್ಲ.

ವೈಶಾಖದ ಒಂದು ಬೆಳಿಗ್ಗೆ ಮುಹೂರ್ತ. ಗೇಟಿನಿಂದ ಮೆಟ್ಟಿಲವರೆಗೆ ಹೂವಿನ ಹಾಸು. ಕೊಳಗಲ್ಲಿನಿಂದ ಟ್ರ್ಯಾಕ್ಟರುಗಳಲ್ಲಿ ಬಂದ ಬೀಗರು, ನೆಂಟರು ಒಂದು ಕಡೆ. ಕಾರುಗಳಲ್ಲಿ ಬಂದ ಅಧಿಕಾರಿಗಳು, ಗಣಿಯವರು ಇನ್ನೊಂದು ಕಡೆ ಸೋಫಾದ ಮೇಲೆ. ಹೈದರಾಬಾದಿನ ವಾದ್ಯದವರು ಕಪ್ಪು ಕೋಟು ತೊಟ್ಟು ಸಾಲಾಗಿ ಕುಳಿತಿದ್ದರು, ಅವರ ಮುಂದಿನ ಸ್ಟ್ಯಾಂಡುಗಳಲ್ಲಿ ಹಾಳೆ ಇಟ್ಟವಳು ನಾನೇ. ಧಣಿ ರೇಷ್ಮೆ ಪಂಚೆಯುಟ್ಟಿದ್ದ, ಹೆಂಡತಿಯ ಕೈಯಲ್ಲಿ ಕಳಶ, ಮುಂದೆ ಹಸು. ಧಣಿಯ ಪಕ್ಕದಲ್ಲಿ ಅವನ ತಾಯಿ ಹಂಪಮ್ಮ, ಎಂಬತ್ತರ ಮುದುಕಿ, ಸೊಸೆಗಿಂತ ನೆಟ್ಟಗೆ ನಿಂತಿದ್ದಳು. ಮೈಕಿನಲ್ಲಿ ನಿರೂಪಕ, ಈ ಶುಭ ಗಳಿಗೆಗೆಂದೇ ಕಿರಣ್ ಅವರು ಸ್ವತಃ ಸಂಯೋಜಿಸಿದ ವಿಶೇಷ ಸಂಗೀತ ಎಂದು ಹೇಳಿದ. ಕಿರಣ್ ಎದ್ದು ಎಲ್ಲ ದಿಕ್ಕಿಗೂ ಕೈ ಮುಗಿದು, ಕೈ ಎತ್ತಿದ.

ಪಿಟೀಲುಗಳು ಶುರುವಾದವು, ಆಮೇಲೆ ಸ್ಯಾಕ್ಸೊಫೋನು. ಸೋಫಾದ ಕಡೆಯವರು ತಲೆದೂಗಿದರು. ಟ್ರ್ಯಾಕ್ಟರಿನಲ್ಲಿ ಬಂದವರ ಕಡೆ ಮಾತು ನಿಂತಿತು. ಮೊದಲು ಹೆಂಗಸರ ಮಾತು, ಆಮೇಲೆ ಗಂಡಸರದ್ದು. ಒಬ್ಬ ಮುದುಕ ರೂಢಿಯಂತೆ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ, ಹೆಣ ಎದುರಾದರೆ ತೆಗೆಯುವ ಹಾಗೆ. ಅವನನ್ನು ನೋಡಿ ಇನ್ನೊಬ್ಬ ತೆಗೆದ. ಹಸು ಹಿಡಿದವನು ಹಗ್ಗ ಜಗ್ಗಿ ನಿಂತುಬಿಟ್ಟ. ಧಣಿಯ ಬಲಗಾಲು ಹೊಸ್ತಿಲ ಮೇಲಿತ್ತು. ಅವನೂ ಕೊಳಗಲ್ಲಿನ ಮಣ್ಣಿನಲ್ಲೇ ಹುಟ್ಟಿದವನು. ಅವನ ಮುಖದಿಂದ ರಕ್ತ ಇಳಿದುಹೋದದ್ದನ್ನು ನಾನು ಕಂಬದ ಪಕ್ಕ ನಿಂತು ಕಣ್ತುಂಬ ನೋಡಿದೆ.

ಹಂಪಮ್ಮ ಮಗನ ತೋಳು ಹಿಡಿದು ಹಿಂದಕ್ಕೆ ಎಳೆದಳು. "ಕಾಲು ತಗಿ. ಯಾರ್ನ ಒಯ್ಯಾಕತ್ತಾರ, ನಿನ್ನನೋ ನನ್ನೋ?" ಎಂದಳು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

ಕಿರಣನಿಗೆ ಮಾತ್ರ ಏನೂ ತಿಳಿಯಲಿಲ್ಲ. ಜನ ಭಾವುಕರಾಗಿದ್ದಾರೆ ಎಂದುಕೊಂಡು ಇನ್ನೂ ನಿಧಾನವಾಗಿ ಕೈಯಾಡಿಸಿದ. ಧಣಿ ಮೆಟ್ಟಿಲಿಳಿದು ಹೋಗಿ ಅವನ ಕೈ ಹಿಡಿದು ನಿಲ್ಲಿಸಿದ. ಏನಂದನೋ ಕೇಳಿಸಲಿಲ್ಲ. ಕಿರಣ್ ಕೈ ಜೋಡಿಸಿ ಏನೇನೋ ಹೇಳುತ್ತ, ಯಾರನ್ನೋ ಹುಡುಕುವಂತೆ ಗುಂಪಿನಲ್ಲಿ ಕಣ್ಣಾಡಿಸಿದ. ನನ್ನನ್ನು ಕಂಡ. ನಾನು ಮುಖ ತಿರುಗಿಸಲಿಲ್ಲ. ಅವನೇನು ಹೇಳಬಲ್ಲ? ಹಾಳೆಯ ಮೇಲೆ ಅವನ ಹೆಸರು, ಮೈಕಿನಲ್ಲಿ ಅವನ ಹೆಸರು, ವೇಗ ಎಳೆದ ಬೆರಳೂ ಅವನದೇ. ಇಬ್ಬರು ಆಳುಗಳು ತೋಳು ಹಿಡಿದು ಅವನನ್ನು ಗೇಟಿನ ಹೊರಗೆ ಬಿಟ್ಟುಬಂದರು. ಬಿಡುಗಡೆಗೆಂದು ಕಟ್ಟಿಟ್ಟಿದ್ದ ಪುಸ್ತಕಗಳನ್ನು ಅದಿರಿನ ಲಾರಿಗೆ ತುಂಬಿ ಎಲ್ಲಿಗೋ ಕಳಿಸಿದರು. ಮುಹೂರ್ತ ಮೀರಿಹೋಯಿತು.

ಹಂಪಮ್ಮ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. ಅವಳ ಗಂಡನ ವಿಮಾನದ ಮುಂದೆ ಅದೇ ಮಟ್ಟು ನುಡಿಸಿದವನು ನನ್ನ ಅಪ್ಪ. ಆ ದಿನ ನನಗೆ ಚುಚ್ಚಿದ್ದು ಅದೊಂದೇ. ಹತ್ತಿರ ಹೋಗಿ ನೀರು ಕೊಟ್ಟೆ, ಕುಡಿದಳು, ಯಾರ ಮಗಳು ಎಂದು ಕೇಳಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಗಣಿಗಳು ನಿಂತವು, ಲಾರಿಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿದು ನಿಂತವು. ಕೋರ್ಟಿನಿಂದ ನಿಂತಿತೆಂದು ಪೇಪರಿನವರು ಬರೆದರು. ಹೊಸ್ತಿಲಲ್ಲಿ ಅಂಥ ಮಟ್ಟು ಕೇಳಿದ ಮನೆ ಉಳಿದೀತೇ ಎಂದು ಸಿರುಗುಪ್ಪದ ಸಂತೆಯಲ್ಲಿ ಜನ ಮಾತಾಡಿಕೊಂಡರು, ನಾನು ಬದನೆಕಾಯಿ ಆರಿಸುತ್ತ ಕೇಳಿಸಿಕೊಂಡೆ. ಕಿರಣ್ ಆಮೇಲೆ ಈ ಕಡೆ ಕಾಲಿಟ್ಟ ಸುದ್ದಿಯಿಲ್ಲ. ಅಪ್ಪನ ಮಟ್ಟುಗಳೂ ಆ ಟ್ಯಾಬ್ಲೆಟ್ಟಿನಲ್ಲಿ ಅವನ ಜೊತೆಗೇ ಹೋದವು. ನೋಟುಬುಕ್ಕಿನಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ ಎಂದು ನಾನು ಎಷ್ಟು ಸಲ ಕೇಳಿದರೂ ಅಪ್ಪ ಒಪ್ಪಲಿಲ್ಲ, ಬರೆದದ್ದೆಲ್ಲ ಕಳುವಾಗುತ್ತದೆ ಎಂದ. ನಾಲ್ಕು ವರ್ಷಕ್ಕೆ ಅಪ್ಪ ತೀರಿಕೊಂಡ. ಈಗ ನನಗೆ ಅರ್ಧ ನೆನಪಿವೆ, ಇನ್ನರ್ಧ ಅಪ್ಪನ ಜೊತೆ ಮಣ್ಣಾದವು. ಸೇಡಿಗೆ ಅಷ್ಟು ಬೆಲೆ ತೆತ್ತಿದ್ದೇನೆ. ಇನ್ನೊಮ್ಮೆ ಆ ಕೋಣೆಯಲ್ಲಿ ಕೂರಿಸಿ ಹೇಗಿದೆ ಎಂದು ಕೇಳಿದರೆ ಚೊಲೋ ಐತ್ರಿ ಎಂದೇ ಹೇಳುತ್ತೇನೆ.

ಗೃಹಪ್ರವೇಶದ ದಿನ ಮಧ್ಯಾಹ್ನ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಕುರುಗೋಡು ಮುಟ್ಟಿತ್ತು. ಅಪ್ಪ ಊಟಕ್ಕೆ ಕುಳಿತಿದ್ದ, ತಟ್ಟೆಯಲ್ಲಿ ಕಲಸಿದ ಅನ್ನ ಹಾಗೇ ಇತ್ತು. ನಾನು ಚಪ್ಪಲಿ ಬಿಟ್ಟು ಎದುರಿಗೆ ಕುಳಿತೆ. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದೆ.

"ನೀನಾ ಬರದುಕೊಟ್ಟಿದ್ದು?" ಎಂದ.

"ಹೌದಪ್ಪ."

"ಹಂಪಮ್ಮ ಅತ್ತಳಂತ."

"ಅತ್ತಳು."

ಅಪ್ಪ ತಟ್ಟೆ ನೋಡುತ್ತ ಕುಳಿತ. ಅನ್ನದ ಅಗುಳೊಂದನ್ನು ಅಂಚಿಗೆ ಸರಿಸಿದ. ಆಮೇಲೆ ತಲೆ ಎತ್ತದೆ ಕೇಳಿದ: "ಆ ಹಾಳಿ ಮ್ಯಾಲೆ, ಆ ಮೂಲ್ಯಾಗ, ಯಾರ ಹೆಸರು ಹಾಕಿದ್ದಿ?"

"ಅವಂದು. ನನ್ನ ಕೈಲೇ ಹಾಕೀನಿ."

ಹೊರಗೆ ಯಾರದೋ ಟ್ರ್ಯಾಕ್ಟರು ಹೋಯಿತು. ಅಪ್ಪ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಹಂಗಾದ್ರ ಅದೊಂದು ಅವಂದಾ ಆತು ಬಿಡು" ಎಂದು ಹೇಳಿ, ಅನ್ನ ಉಣ್ಣತೊಡಗಿದ.